‘ನನ್ನಿಂದಲೇ ಹೀಗಾಯ್ತಾ ಟೀಚರೇ?’

ಕಾಸರಗೋಡಿನ ಗಡಿಭಾಗದಲ್ಲಿ ವಿಶೇಷ ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಹೊಸ ಮಗು ಸೇರುವಾಗ ತಾಯಿಯ ಎದುರು ಫಾರ್ಮ್ ಹಿಡಿದು ಕೂತು ವಿವರ ಬರೆದುಕೊಳ್ಳಬೇಕು. ಬಸುರಿಯಾಗಿದ್ದಾಗ ಜ್ವರ ಬಂದಿತ್ತಾ? ಯಾವ ಮಾತ್ರೆ ತಗೊಂಡಿದ್ರಿ? ತಿಂಗಳು ತುಂಬಿ ಹೆರಿಗೆ ಆಯ್ತಾ? ಮಗು ಎಷ್ಟು ಹೊತ್ತು ಮೊಬೈಲ್ ನೋಡ್ತದೆ? ಎದುರು ಕೂತವರಿಗೆ ಇದು ಪೊಲೀಸ್ ವಿಚಾರಣೆಯ ಹಾಗೆ ಕೇಳಿಸುತ್ತದೆ.

ಪೆರ್ಲದ ಕಡೆಯ ಒಬ್ಬರು ನಾಲ್ಕು ವರ್ಷದ ಮಗನನ್ನು ಕರೆತಂದಿದ್ದರು. ಅವನಿಗೆ ಆಟಿಸಂ, ಅಂದರೆ ಮಾತು, ಬೆರೆಯುವುದು, ನಡವಳಿಕೆ ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಅವನು ಉದ್ದಕ್ಕೆ ಸಾಲು ಜೋಡಿಸುತ್ತಾನೆ. ಒಂದು ಅಡಿಕೆ ಸರಿದರೂ ಅಳು. ಹುಲ್ಲು ಕತ್ತರಿಸುವ ಮೆಷಿನ್ ಶುರುವಾದರೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುತ್ತಾನೆ. ಇಷ್ಟು ಹೇಳಿ ಆ ತಾಯಿ ಕೇಳಿದರು: “ಊಟ ಮಾಡಿಸ್ಲಿಕ್ಕೆ ಮೊಬೈಲ್ ಕೊಡ್ತಿದ್ದೆ. ಹಾಗಾಗಿಯೇ ಹೀಗಾದ್ದು ಅಂತ ಅತ್ತೆ ಹೇಳ್ತಾರೆ. ನನ್ನಿಂದಲೇ ಹೀಗಾಯ್ತಾ ಟೀಚರೇ?” ಗಂಡ ಮಾತ್ರ ಗೇರುತೋಟದ ಮದ್ದಿನಿಂದ ಅಂತಿದ್ದರಂತೆ.

ಆ ಮಾತನ್ನು ನಮ್ಮೂರಲ್ಲಿ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಇಲ್ಲಿನ ಎಣ್ಮಕಜೆ ಪಂಚಾಯತಿನ ಮನೆಗಳು ಅದರ ನೋವು ಉಂಡಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಕ್ಯಾಲಿಫೋರ್ನಿಯಾದ 2007ರ ಅಧ್ಯಯನವೊಂದು, ಗರ್ಭದ ಮೊದಲ ವಾರಗಳಲ್ಲಿ ಇಂಥ ಮದ್ದು ಬಿಟ್ಟ ಹೊಲದ ಪಕ್ಕ ಇದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ಜಾಸ್ತಿ ಕಂಡಿತು. ಆದರೆ ಹಾಗೆ ಪಕ್ಕದಲ್ಲೇ ಇದ್ದ ತಾಯಂದಿರು ಬರೀ 29. ಅನುಮಾನಕ್ಕೆ ಅದು ಸಾಕು, ತೀರ್ಪಿಗೆ ಸಾಲದು. ಸಿಂಪಡಣೆ ನಿಂತು ಎಷ್ಟೋ ವರ್ಷದ ಮೇಲೆ ಹುಟ್ಟಿದ ಈ ಹುಡುಗನಿಗೆ ಅದೇ ಕಾರಣ ಅಂತ ನಾನು ಹೇಳಲಾರೆ.

ಖಚಿತವಾಗಿ ಹೇಳಬಹುದಾದದ್ದನ್ನು ಹೇಳಿದೆ. ಐದು ದೇಶಗಳ 20 ಲಕ್ಷ ಮಕ್ಕಳ ದಾಖಲೆ ನೋಡಿದ 2019ರ ಅಧ್ಯಯನದ ಪ್ರಕಾರ, ಒಬ್ಬರಿಗೆ ಆಟಿಸಂ ಬಂದು ಇನ್ನೊಬ್ಬರಿಗೆ ಬಾರದೆ ಇರುವುದರಲ್ಲಿ ಶೇಕಡಾ 80ರಷ್ಟು ಪಾಲು ಹುಟ್ಟಿನಿಂದ ಬಂದ ಜೀನ್‌ಗಳದ್ದು. ದಿನ ತುಂಬದ ಹೆರಿಗೆ, ತಂದೆತಾಯಿಯ ಹೆಚ್ಚಿನ ವಯಸ್ಸು, ಬಸುರಿನಲ್ಲಿ ರುಬೆಲ್ಲಾ, ಫಿಟ್ಸಿಗೆ ಕೊಡುವ ವ್ಯಾಲ್‌ಪ್ರೊಯೇಟ್ ಮಾತ್ರೆ ಇವೂ ಅಪಾಯ ಹೆಚ್ಚಿಸುತ್ತವೆ. (ಆ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಲೇಬಾರದು.) ಲಸಿಕೆಯಿಂದ ಆಟಿಸಂ ಬರುವುದಿಲ್ಲ. ಹಾಗೆಂದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಮೊಬೈಲ್ ಕಡಿಮೆ ಮಾಡಬೇಕು, ಮಾತಿಗೂ ಆಟಕ್ಕೂ ಹೊತ್ತು ಸಿಗಲಿ ಅಂತ. ಆಟಿಸಂ ಅದರಿಂದಲೇ ಬಂತು ಅನ್ನಲು ಪುರಾವೆ ಇಲ್ಲ.

ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆ ಅಂತ 1950–60ರ ದಶಕಗಳಲ್ಲಿ ದೊಡ್ಡ ವೈದ್ಯರೇ ನಂಬಿದ್ದರು. ವಿಜ್ಞಾನ ಅದನ್ನು ಬಿಟ್ಟು ದಶಕಗಳಾದವು. ನಮ್ಮ ಅಡುಗೆಮನೆಗಳಲ್ಲಿ ಅದು ಇನ್ನೂ ಉಳಿದಿದೆ ಅಲ್ವಾ? ನನಗೆ ಇದೇ ಸಂಕಟ. ತಪ್ಪಿತಸ್ಥೆ ಅನಿಸಿಕೊಂಡ ತಾಯಿ ಮಗುವನ್ನು ಮನೆಯೊಳಗೇ ಇಟ್ಟುಕೊಳ್ಳುತ್ತಾಳೆ. ತರಬೇತಿ ಸಿಗಬೇಕಾದ ವರ್ಷಗಳು ಹಾಗೇ ಹೋಗುತ್ತವೆ.

ಹಾಗಾಗಿ ಪ್ರತಿ ಪ್ರಶ್ನೆಗೂ ಮುಂಚೆ ಅದನ್ನು ಯಾಕೆ ಕೇಳುತ್ತೇನೆ ಅಂತ ಹೇಳುತ್ತೇನೆ. ಮೊದಲ ಭೇಟಿಗೆ ಅಪ್ಪನೂ ಬರಬೇಕು, ಅಜ್ಜಿ ಬಂದರೆ ಇನ್ನೂ ಒಳ್ಳೆಯದು ಅಂತ ಫೋನಿನಲ್ಲೇ ತಿಳಿಸುತ್ತೇನೆ. ಆ ಹುಡುಗನ ಅಜ್ಜಿ ಮುಂದಿನ ವಾರ ಬಂದರು. ಮನೆಯಲ್ಲಿ ತುಳು, ಕನ್ನಡ, ಹೊರಗೆ ಮಲಯಾಳ, ಇದರಿಂದ ಮಗುವಿಗೆ ಗೊಂದಲ, ತುಳು ಬಿಡಬೇಕಾ ಅಂತ ಕೇಳಿದರು. ಬೇಡ, ನಿಮಗೆ ಸಲೀಸಾದ ಭಾಷೆಯಲ್ಲೇ ಅವನ ಹತ್ತಿರ ಜಾಸ್ತಿ ಮಾತಾಡಿ ಅಂದೆ. ಅಡಿಕೆ ಸಾಲಿನ ಪಕ್ಕ ಕೂತು ಅವನ ಜೊತೆ ತುಳುವಿನಲ್ಲೇ ಒಂದು, ಎರಡು ಎಣಿಸುವುದನ್ನು ಅವರಿಗೆ ಮನೆಕೆಲಸವಾಗಿ ಕೊಟ್ಟೆ.