ಹೆಸರಿನ ನಡುವಿದ್ದ ಒಂದು &

ನಮ್ಮದು ಲಾರಿ ಸಾಗಣೆಯ ಲೆಕ್ಕಪತ್ರ ನೋಡಿಕೊಳ್ಳುವ ತಂತ್ರಾಂಶ. ಹಳೆಯ ಎಲ್‌ಆರ್ (ಲಾರಿ ರಸೀದಿ) ಸ್ಕ್ಯಾನ್‌ಗಳನ್ನು ಅಳಿಸಿಕೊಡಿ ಎಂದು ಸಪೋರ್ಟ್ ತಂಡದವರು ದಿನಕ್ಕೆ ಹತ್ತು ಸಲ ನನ್ನ ಮೇಜಿಗೆ ಬರುತ್ತಿದ್ದುದರಿಂದ ಬೇಸತ್ತು, ಒಂದು ಶನಿವಾರ ಕುಳಿತು ಪೈಥಾನ್‌ನಲ್ಲಿ ಸಣ್ಣ ಸರ್ವರ್ ಒಂದನ್ನು ಬರೆದೆ. ಅವರ ಕ್ಲೈಂಟ್ ಒಂದು ಸಾಲಿನ ಕಮಾಂಡ್ ಕಳುಹಿಸುತ್ತಿತ್ತು. ಸರ್ವರ್ ಅದನ್ನು ಸಬ್‌ಪ್ರೊಸೆಸ್ (ಬೇರೆ ಪ್ರೋಗ್ರಾಂ ಓಡಿಸುವ ಪೈಥಾನ್ ಸೌಲಭ್ಯ) ಮೂಲಕ ಓಡಿಸಿ, ಕೆಲಸ ಹೇಗೆ ಮುಗಿಯಿತೆಂದು ಹೇಳುವ ಎಕ್ಸಿಟ್ ಕೋಡ್ ಹಿಂದಿರುಗಿಸುತ್ತಿತ್ತು. ಬಂದ ಸಾಲನ್ನು ಹಾಗೆಯೇ ದಾಟಿಸಲು ಅನುಕೂಲವೆಂದು ಶೆಲ್ ಆಯ್ಕೆಯನ್ನು ಟ್ರೂ ಮಾಡಿದ್ದೆ; ಅಂದರೆ ಕಮಾಂಡ್ ಸಾಲನ್ನು ಬಿಡಿಸಿ ಓದಿ ಓಡಿಸುವ ಶೆಲ್ ಎಂಬ ಪ್ರೋಗ್ರಾಂ ಕೈಗೆ ಅದು ಹೋಗುತ್ತಿತ್ತು. ಒಳಗಿನ ನೆಟ್‌ವರ್ಕ್, ಬಳಸುವವರು ಆರೇ ಮಂದಿ, ಕಳ್ಳ ಎಲ್ಲಿಂದ ಬರುತ್ತಾನೆ ಎಂಬುದು ನನ್ನ ವಾದವಾಗಿತ್ತು. ಕಳ್ಳ ಬರಲೂ ಇಲ್ಲ.

ಆರಂಭದಲ್ಲಿ ಗ್ರಾಹಕರ ಕೋಡ್ ಮಾತ್ರ ಹೋಗುತ್ತಿತ್ತು. ಕೋಡ್ ನೆನಪಿಡುವುದು ಕಷ್ಟ, ಹೆಸರನ್ನೇ ಸ್ವೀಕರಿಸಲಿ, ಅದೂ ಸಂಜೆಯೊಳಗೆ ಆಗಲಿ ಎಂದು ಮ್ಯಾನೇಜರ್ ಹೇಳಿದರು; ನಾನು ಎರಡು ಸಾಲು ತಿದ್ದಿ ಕೈತೊಳೆದುಕೊಂಡೆ. ಪರೀಕ್ಷೆಗೆ ನಾನು ಆರಿಸಿಕೊಂಡ ಹೆಸರುಗಳೆಲ್ಲ ಒಂದೇ ಪದದವಾಗಿದ್ದವು.

ಮರುದಿನ ಬೆಳಿಗ್ಗೆ ಸಪೋರ್ಟ್ ತಂಡದ ಸಹೋದ್ಯೋಗಿಯೊಬ್ಬರು 'ರಾವ್ & ಸನ್ಸ್' ಎಂಬ ಗ್ರಾಹಕರ (ಹೆಸರು ಬದಲಿಸಿದ್ದೇನೆ) 2019ರ ಏಪ್ರಿಲ್‌ಗಿಂತ ಹಿಂದಿನ ಸ್ಕ್ಯಾನ್‌ಗಳನ್ನು ಅಳಿಸಲು ಕಳುಹಿಸಿದರು. ಸನ್ಸ್ ನಾಟ್ ಫೌಂಡ್, ಕೋಡ್ 127 ಎಂದು ಉತ್ತರ ಬಂತು. "ಸರ್, ಏನೋ ಎರರ್ ಬರ್ತಿದೆ" ಎಂದರು. 127 ಎಂದರೆ ಕಮಾಂಡೇ ಸಿಕ್ಕಿಲ್ಲ, ಆದ್ದರಿಂದ ಏನೂ ಓಡಿಲ್ಲ ಎಂದು ಲಾಗ್ ತೆರೆಯದೆಯೇ ನಿರ್ಧರಿಸಿ, "ಇನ್ನೊಂದು ಸಲ ಒತ್ತಿ ನೋಡಿ ಮೇಡಂ" ಎಂದು ಹೇಳಿ ಚಹಾ ಕುಡಿಯಲು ಹೋದೆ. ಈಗಲೂ ನನ್ನನ್ನು ಚುಚ್ಚುವುದು ಆ ಚಹಾ.

ಶೆಲ್ ಆ ಸಾಲನ್ನು & ಇದ್ದಲ್ಲಿ ಎರಡು ತುಂಡು ಮಾಡಿತ್ತು. ಶೆಲ್‌ಗೆ ಆ ಚಿಹ್ನೆಯೆಂದರೆ 'ಇಲ್ಲಿಯವರೆಗಿನದನ್ನು ಹಿನ್ನೆಲೆಯಲ್ಲಿ ಓಡಿಸು' ಎಂದರ್ಥ, ಆದ್ದರಿಂದ 'ರಾವ್'ವರೆಗಿನ ತುಂಡು ಹಿನ್ನೆಲೆಯಲ್ಲಿ ಓಡತೊಡಗಿತು. ಉಳಿದ 'ಸನ್ಸ್' ಎಂಬುದನ್ನು ಹೊಸ ಕಮಾಂಡ್ ಎಂದು ಹುಡುಕಿ, ಸಿಗದೆ, ಅದರ 127 ಅನ್ನು ನಮಗೆ ಒಪ್ಪಿಸಿತು. ದಿನಾಂಕದ ಮಿತಿ ಇದ್ದುದು ಆ ಎರಡನೆಯ ತುಂಡಿನಲ್ಲಿ. ಹೆಸರಿನ ಮೊದಲ ಭಾಗ ಹೊಂದಿದರೂ ಸಾಕು, ದಿನಾಂಕ ಇಲ್ಲದಿದ್ದರೆ ಇಂದಿನವರೆಗಿನದೆಲ್ಲ ಎಂಬ ಉದಾರ ನಿಯಮದ ನಮ್ಮ ಹಳೆಯ ಪರ್ಜ್ (ಅಳಿಸುವ) ಸ್ಕ್ರಿಪ್ಟ್, ರಾವ್ ಎಂದು ಶುರುವಾಗುವ ನಾಲ್ವರು ಗ್ರಾಹಕರ ಸಕಲ ದಾಖಲೆಗಳನ್ನೂ ಅಳಿಸುತ್ತ, ತನ್ನ ಔಟ್‌ಪುಟ್ಟನ್ನು ಯಾರೂ ನೋಡದ ಲಾಗ್ ಫೈಲಿಗೆ ಬರೆಯುತ್ತ ಸಾಗಿತ್ತು.

ಚಹಾ ಮುಗಿಸಿ ಬಂದಾಗ ಡಿಸ್ಕ್ ಬಳಕೆಯ ಗ್ರಾಫ್ ಇಳಿಯುತ್ತಿತ್ತು. ಸರ್ವರ್ ಓಡುತ್ತಿದ್ದ ಟರ್ಮಿನಲ್ಲಿಗೆ (ಸ್ಕ್ರೀನ್ ಸೆಷನ್‌ಗೆ) ಹೋಗಿ, ನಿಲ್ಲು ಎಂಬ ಸಿಗ್ನಲ್ ಕಳುಹಿಸುವ ಕಂಟ್ರೋಲ್-ಸಿ ಒತ್ತಿದೆ. ಸರ್ವರ್ ನಿಂತಿತು, ಗ್ರಾಫ್ ನಿಲ್ಲಲಿಲ್ಲ. & ಹಾಕಿ ಹಿನ್ನೆಲೆಗೆ ತಳ್ಳಿದ ಕೆಲಸವು ಆ ಸಿಗ್ನಲ್ ಅನ್ನು ಕಡೆಗಣಿಸುವಂತೆ ಶೆಲ್ ಮೊದಲೇ ಏರ್ಪಾಡು ಮಾಡಿರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಓಡುತ್ತಿರುವ ಕೆಲಸಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ ನನ್ನ ಸರ್ವರ್‌ನ ಮಕ್ಕಳನ್ನು, ಅಂದರೆ ಅದು ಶುರುಮಾಡಿದ ಕೆಲಸಗಳನ್ನು, ಹುಡುಕಿದೆ. ಇನ್ನೊಂದು ಸಲ ಒತ್ತಿದ್ದರಿಂದ ಪರ್ಜ್‌ಗಳು ಎರಡಾಗಿದ್ದವು; ಶೆಲ್ ಆಗಲೇ ಸತ್ತಿದ್ದರಿಂದ ಎರಡೂ ಪರ್ಜ್‌ಗಳ ಪೇರೆಂಟ್ 1, ಅಂದರೆ ಸಿಸ್ಟಮ್‌ನ ಮೊದಲ ಪ್ರೊಸೆಸ್, ಆಗಿತ್ತು, ಅಲ್ಲಿ ನಾನು ನೋಡಿರಲೇ ಇಲ್ಲ. ಕೊನೆಗೆ ಸ್ಕ್ರಿಪ್ಟಿನ ಹೆಸರಿನಿಂದ ಹುಡುಕಿ ಕಿಲ್ ಮಾಡುವಷ್ಟರಲ್ಲಿ ಮೂವರು ಗ್ರಾಹಕರ ಫೋಲ್ಡರ್‌ಗಳು ಖಾಲಿಯಾಗಿದ್ದವು.

ರಾತ್ರಿಯ ಬ್ಯಾಕಪ್ ಇತ್ತು. ಆದರೆ ಆ ಬೆಳಿಗ್ಗೆ ಸೇರಿದ್ದ ಎಲ್‌ಆರ್‌ಗಳಿಗಾಗಿ ಹುಬ್ಬಳ್ಳಿ, ದಾವಣಗೆರೆಯ ಬುಕಿಂಗ್ ಆಫೀಸುಗಳಿಗೆ ಫೋನ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿಸಲು ಎರಡು ದಿನ ಹಿಡಿಯಿತು.

ಈಗ ಕ್ಲೈಂಟ್ ಕಮಾಂಡ್ ಕಳುಹಿಸುವುದಿಲ್ಲ. ಕೆಲಸದ ಹೆಸರು ಮತ್ತು ಗ್ರಾಹಕರ ಕೋಡ್ ಕಳುಹಿಸುತ್ತದೆ. ಓಡಿಸಬೇಕಾದ ಸಾಲು ಸರ್ವರ್‌ನ ಡಿಕ್ಷನರಿಯಲ್ಲಿದೆ (ಯಾವ ಹೆಸರಿಗೆ ಯಾವ ಸಾಲು ಎಂಬ ಪಟ್ಟಿ), ಶೆಲ್ ಇಲ್ಲದೆ, ಒಂದೊಂದು ಭಾಗವೂ ಬೇರೆಯಾಗಿರುವ ಲಿಸ್ಟ್ ಆಗಿ ಹೋಗುತ್ತದೆ. ಲಿಸ್ಟ್ ಒಂದೇ ಸಾಲದು, ಅಡ್ಡಗೆರೆಯಿಂದ (-) ಶುರುವಾಗುವ ಮೌಲ್ಯ ಬಂದರೆ ಸ್ಕ್ರಿಪ್ಟ್ ಅದನ್ನು ಆಯ್ಕೆಯೆಂದೇ ಓದುತ್ತದೆ. ಆದ್ದರಿಂದ ಕೋಡಿನ ಮಾದರಿಯನ್ನೂ ತಪಾಸಣೆ ಮಾಡುತ್ತೇನೆ. ದಿನಾಂಕವಿಲ್ಲದಿದ್ದರೆ ಪರ್ಜ್ ಈಗ ಓಡುವುದೇ ಇಲ್ಲ.

ಮೂಲ ಕಾರಣ ಗುರುತಿಸುವ ಆರ್‌ಸಿಎ ವರದಿಯ ಕಾರಣದ ಕಾಲಮ್ಮಿನಲ್ಲಿ ನಾನು ನನ್ನ ಹೆಸರನ್ನೇ ಬರೆದಿದ್ದೆ. ಮ್ಯಾನೇಜರ್ ಅದನ್ನು "ಸಪೋರ್ಟ್ ತಂಡದಿಂದ ವಿಶೇಷ ಚಿಹ್ನೆಯ ಬಳಕೆ" ಎಂದು ತಿದ್ದಿ, ಗ್ರಾಹಕರ ಹೆಸರಿನಲ್ಲಿ & ಬಳಸಬಾರದೆಂದು ಸುತ್ತೋಲೆ ಹೊರಡಿಸಿದರು. ಆ ಸುತ್ತೋಲೆ ಮೇಡಂ ಅವರ ಮೇಜಿನ ಎದುರಿನ ಗೋಡೆಯಲ್ಲಿ ಇನ್ನೂ ಅಂಟಿಕೊಂಡಿದೆ.