‘ಪದ ಗೊತ್ತು, ವಾಕ್ಯ ಬರಲ್ಲ’ ಅನ್ನುವವರಿಗೆ

“ಒಂದೊಂದು ಪದದ ಅರ್ಥ ಗೊತ್ತು ಸರ್. ಟೆನ್ಸ್ ಎಲ್ಲ ಓದಿದ್ದೀನಿ. ಆದ್ರೆ ಬಾಯಿ ಬಿಟ್ರೆ ವಾಕ್ಯ ಬರಲ್ಲ. ಯಾಕೆ?”

ಕೆಲಸಕ್ಕೆ ಹೋಗುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತೇನೆ. ಪ್ರತಿ ಹೊಸ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ಮದುವೆ ಊಟಕ್ಕೆ ಕೂತಾಗಲೂ ಪಕ್ಕದ ಎಲೆಯವರು ಕೇಳುತ್ತಾರೆ, ಪಾಯಸ ಬರುವಷ್ಟರಲ್ಲಿ ಕಲಿಸಿಬಿಡಬೇಕು ಅನ್ನುವ ಹಾಗೆ.

ನನ್ನ ಉತ್ತರ ಇದು. ಕನ್ನಡದಲ್ಲಿ ಮಾತಿನ ಬಣ್ಣವೆಲ್ಲ ಬಾಲದಲ್ಲಿರುತ್ತದೆ. ಹೋಗ್ತಿದ್ದೆ, ಹೋಗಬೇಕಿತ್ತು, ಹೋದನಂತೆ, ಹೋದ್ರೆ ಒಳ್ಳೇದು. ‘ಹೋಗು’ ಅದೇ, ಬಾಲ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಕ್ರಿಯಾಪದಕ್ಕಿಂತ ಮೊದಲೇ ಬರುವ ಪುಟ್ಟ ಗುಂಪುಗಳು ಮಾಡುತ್ತವೆ: ಯೂಸ್ಡ್ ಟು, ಸಪೋಸ್ಡ್ ಟು, ಹ್ಯಾಡ್ ಬೆಟರ್. ಗುಂಪು ಒಡೆದು ಒಂದೊಂದು ಪದಕ್ಕೆ ಅರ್ಥ ಹುಡುಕಿದರೆ ಕೈಗೆ ಏನೂ ಸಿಗಲ್ಲ. ‘ಯೂಸ್’ ಅಂದರೆ ಬಳಸು, ‘ಸಪೋಸ್’ ಅಂದರೆ ಊಹಿಸು. ಇದನ್ನಿಟ್ಟುಕೊಂಡು ಏನು ಮಾಡುತ್ತೀರಿ?

ಯೂಸ್ಡ್ ಟು ತಗೊಳ್ಳಿ. “ಚಿಕ್ಕವನಿದ್ದಾಗ ನಡಕೊಂಡು ಸ್ಕೂಲಿಗೆ ಹೋಗ್ತಿದ್ದೆ” ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ, ಕ್ಲಾಸಿನ ಮುಕ್ಕಾಲು ಪಾಲು ಜನ ‘ಐ ವಾಸ್ ಗೋಯಿಂಗ್’ ಅಂತ ಶುರು ಮಾಡುತ್ತಾರೆ. ತಪ್ಪು ಅವರದಲ್ಲ. ನಮ್ಮ ‘ಹೋಗ್ತಿದ್ದೆ’ಗೆ ಎರಡು ಕೆಲಸ. ದಿನಾ ಹೋಗುವ ರೂಢಿಗೂ ಅದೇ, “ನೀನು ಫೋನ್ ಮಾಡಿದಾಗ ಹೋಗ್ತಿದ್ದೆ” ಅನ್ನುವ ಆ ಒಂದು ಗಳಿಗೆಗೂ ಅದೇ. ಇಂಗ್ಲಿಷ್ ಇವೆರಡನ್ನೂ ಬೇರೆ ಮಾಡುತ್ತದೆ. ‘ಐ ವಾಸ್ ಗೋಯಿಂಗ್ ಟು ಸ್ಕೂಲ್’ ಅಂದರೆ ಕೇಳುವವನು ‘ಹೂಂ, ದಾರಿಯಲ್ಲಿ ಏನಾಯ್ತು?’ ಅಂತ ಕಾಯುತ್ತಾನೆ. ‘ಐ ಯೂಸ್ಡ್ ಟು ವಾಕ್ ಟು ಸ್ಕೂಲ್’ ಅಂದರೆ ಮಾತು ಮುಗಿಯಿತು. ಬಾಯಲ್ಲಿ ಅದು ‘ಯೂಸ್ಟು’ ಅಂತ ಒಂದೇ ಉಸಿರಿಗೆ ಬರುತ್ತದೆ. ಬಿಡಿಸಿ ಹೇಳುವುದಕ್ಕೆ ಹೋಗಬೇಡಿ.

ಇದರ ಪಕ್ಕದಲ್ಲೇ ಒಂದು ಗುಂಡಿ ಇದೆ. ಒಬ್ಬ ಹುಡುಗ ಇಂಟರ್‌ವ್ಯೂಗೆ ಹೋಗಿದ್ದ. ನೈಟ್ ಶಿಫ್ಟ್ ಆಗುತ್ತಾ ಅಂತ ಕೇಳಿದರು. ‘ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್’ ಅಂದ. ನಂಗೆ ರೂಢಿ ಇದೆ ಅನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಅವರಿಗೆ ಕೇಳಿಸಿದ್ದು ‘ಮೊದಲು ಮಾಡ್ತಿದ್ದೆ, ಈಗ ಬಿಟ್ಟಿದ್ದೀನಿ’. ರೂಢಿಯಾಗಿದೆ ಅನ್ನುವುದಕ್ಕೆ ‘ಐ ಆಮ್ ಯೂಸ್ಡ್ ಟು ವರ್ಕಿಂಗ್’ ಆಗಬೇಕು. ಒಂದು ‘ಆಮ್’, ಒಂದು ‘ಇಂಗ್’. ಅಷ್ಟಕ್ಕೇ ಮಾತು ತಿರುಗಿಹೋಗುತ್ತದೆ.

ನನಗೆ ತುಂಬಾ ಇಷ್ಟ ಸಪೋಸ್ಡ್ ಟು. ನಮ್ಮ ಎರಡು ಬಾಲಗಳು ಇದರಲ್ಲಿ ಬಂದು ಸೇರುತ್ತವೆ. ಮೊದಲನೆಯದು ‘ಬೇಕಿತ್ತು’. ಆರಕ್ಕೆ ಬಸ್ ಬರಬೇಕಿತ್ತು, ಬಂದಿಲ್ಲ: ‘ದ ಬಸ್ ವಾಸ್ ಸಪೋಸ್ಡ್ ಟು ಕಮ್ ಅಟ್ ಸಿಕ್ಸ್’. ಮೊದಲೇ ಗೊತ್ತು ಮಾಡಿದ್ದಕ್ಕೆ ಇದು ಸರಿ. ಆದರೆ “ನಿನ್ನೆ ನೀನೂ ಬರಬೇಕಿತ್ತು ಕಣೋ, ಮಜಾ ಇತ್ತು” ಅನ್ನುವುದಕ್ಕೆ ಇದನ್ನು ಹಾಕಿದರೆ, ಬರ್ತೀನಿ ಅಂದವನು ಕೈಕೊಟ್ಟ ಅಂತ ದೂರಿದ ಹಾಗಾಗುತ್ತದೆ. ಅಲ್ಲಿ ‘ಯೂ ಶುಡ್ ಹ್ಯಾವ್ ಕಮ್’ ಅನ್ನಬೇಕು.

ಎರಡನೆಯ ಬಾಲ ‘ಅಂತೆ’. ಇದಿಲ್ಲದೆ ನಮಗೆ ದಿನ ಕಳೆಯಲ್ಲ. ನಾನು ನೋಡಿಲ್ಲ, ಯಾರೋ ಹೇಳಿದರು, ಸುಳ್ಳಾದರೆ ನನ್ನ ಮೇಲೆ ಬರಬೇಡಿ. ಇಷ್ಟನ್ನೂ ಎರಡೇ ಅಕ್ಷರದಲ್ಲಿ ಹೇಳುತ್ತೇವೆ. ತೆಲುಗಿನವರಿಗೆ ‘ಅಂಟ’ ಇದೆ, ತಮಿಳಿನವರಿಗೆ ‘ಆಂ’ ಇದೆ. ಹಾಗಾಗಿ ದಕ್ಷಿಣದವರೆಲ್ಲ ವಾಕ್ಯದ ಕೊನೆಗೆ ‘ಇಟ್ ಸೀಮ್ಸ್’ ಅಂತ ಅಂಟಿಸುತ್ತೇವೆ: ‘ಹಿ ಈಸ್ ಗೆಟ್ಟಿಂಗ್ ಮ್ಯಾರೀಡ್ ಇಟ್ ಸೀಮ್ಸ್’. ನಾವು ನಾವೇ ಮಾತಾಡಿಕೊಳ್ಳುವಾಗ ಇದರಲ್ಲಿ ಏನೂ ತೊಂದರೆ ಇಲ್ಲ, ನಾನೂ ಹೇಳುತ್ತೇನೆ. ಹೊರಗಿನವರ ಕಿವಿಗೆ ಮಾತ್ರ ಅದು ‘ನಂಗೆ ಹಾಗನ್ನಿಸುತ್ತೆ’ ಅಂತ ಕೇಳಿಸುವ ಸಾಧ್ಯತೆ ಜಾಸ್ತಿ. ಅವನ ಮುಖ ನೋಡಿ ನೀವೇ ಲೆಕ್ಕ ಹಾಕಿದಿರೇನೋ ಅಂದುಕೊಳ್ಳುತ್ತಾರೆ. ಅವರ ಬಳಿ ‘ಅಪ್ಯಾರೆಂಟ್ಲಿ’ ಅನ್ನಿ, ‘ಐ ಹಿಯರ್ಡ್’ ಅನ್ನಿ. ಇಲ್ಲವೇ ನಮ್ಮ ಸಪೋಸ್ಡ್ ಟು ಇದ್ದೇ ಇದೆ. ಆ ಹೋಟೆಲಲ್ಲಿ ದೋಸೆ ಚೆನ್ನಾಗಿರುತ್ತಂತೆ: ‘ದ ದೋಸಾ ದೇರ್ ಈಸ್ ಸಪೋಸ್ಡ್ ಟು ಬಿ ಗುಡ್’. ನಾನಿನ್ನೂ ತಿಂದಿಲ್ಲ ಅನ್ನುವುದೂ ಅದರೊಳಗೇ ಬಂತು.

ಹ್ಯಾಡ್ ಬೆಟರ್‌ನಿಂದ ಏಟು ತಿಂದವನು ನಾನೇ. ಹಿಂದೆ ಒಂದು ಆಫೀಸಿನಲ್ಲಿದ್ದಾಗ, ಮೇಲಿನವರಿಗೆ “ನೀವು ಬೇಗ ಬಂದ್ರೆ ಒಳ್ಳೇದು ಸರ್” ಅನ್ನುವುದನ್ನು ‘ಯೂ ಹ್ಯಾಡ್ ಬೆಟರ್ ಕಮ್ ಅರ್ಲಿ’ ಅಂತ ಬರೆದು ಕಳಿಸಿದ್ದೆ. ‘ಬೆಟರ್’ ಅಂದರೆ ಒಳ್ಳೇದು ತಾನೆ? ಅವರು ಎರಡು ದಿನ ಮಾತಾಡಲಿಲ್ಲ. ಆ ಗುಂಪಿನ ಒಳಗೆ ‘ಇಲ್ಲಾಂದ್ರೆ ನೋಡ್ಕೋ’ ಅನ್ನುವ ಗದರಿಕೆ ಕೂತಿದೆ. ಅಮ್ಮ ಮಗನಿಗೆ ಹೇಳಬಹುದು, ನಾವು ಮೇಲಿನವರಿಗೆ ಹೇಳುವ ಹಾಗಿಲ್ಲ. ತಮಾಷೆ ಅಂದರೆ, ನಮಗೆ ನಾವೇ ಹೇಳಿಕೊಂಡರೆ ಇದೇ ಮಾತು ಮೆತ್ತಗಾಗುತ್ತದೆ. ನೆಂಟರ ಮನೆಯಲ್ಲಿ ಏಳುತ್ತಾ “ಇನ್ನು ಹೊರಡ್ತೀನಿ” ಅನ್ನುತ್ತೀವಲ್ಲ, ಅದು ‘ಐಡ್ ಬೆಟರ್ ಬಿ ಗೋಯಿಂಗ್’ (‘ಐ ಹ್ಯಾಡ್’ ಬಾಯಲ್ಲಿ ‘ಐಡ್’ ಆಗುತ್ತದೆ).

ಇಂಥವು ಇನ್ನೂ ಬೇಕಾದಷ್ಟಿವೆ. “ಹೇಗೂ ಬಂದಿದ್ದೀವಿ, ಊಟ ಮಾಡ್ಕೊಂಡೇ ಹೋಗೋಣ” ಅನ್ನುವ ‘ಹೇಗೂ’ಗೆ ‘ವಿ ಮೈಟ್ ಆ್ಯಸ್ ವೆಲ್ ಈಟ್’. “ಸುಮ್ನೆ ಬಂದೆ” ಅನ್ನುವುದಕ್ಕೆ ‘ಸಿಂಪ್ಲಿ’ ಬೇಡ, ‘ಐ ಜಸ್ಟ್ ಡ್ರಾಪ್ಡ್ ಬೈ’ ಸಾಕು.

ಕಲಿಯುವುದು ಹೇಗೆ ಅಂತ ಕೇಳಿದರೆ, ಪಟ್ಟಿ ಉರು ಹೊಡೆಯಬೇಡಿ ಅನ್ನುತ್ತೇನೆ. ವಾರಕ್ಕೆ ಒಂದೇ ಬಾಲ ಹಿಡಿಯಿರಿ. ಮನೆಯಲ್ಲಿ, ಬಸ್ಸಿನಲ್ಲಿ ಆ ಬಾಲವಿರುವ ಕನ್ನಡ ಮಾತು ಕಿವಿಗೆ ಬಿದ್ದಾಗೆಲ್ಲ ಬರೆದಿಟ್ಟುಕೊಳ್ಳಿ. ರಾತ್ರಿ ಕೂತು ಇಂಗ್ಲಿಷಿನ ಗುಂಪು ಹಾಕಿ ಜೋರಾಗಿ ಹೇಳಿ. ಕಳೆದ ಬ್ಯಾಚಿನಲ್ಲಿ ‘ಅಂತೆ’ಯ ವಾರ ಒಬ್ಬ ಹೆಂಗಸು ಆಫೀಸಿನ ಒಂದೇ ಟೀ ಬ್ರೇಕಿನಿಂದ 14 ವಾಕ್ಯ ಬರಕೊಂಡು ಬಂದಿದ್ದರು. 9 ಅವರ ಮ್ಯಾನೇಜರ್ ಬಗ್ಗೆಯೇ. ಮೊದಲನೆಯದನ್ನು ಎದ್ದು ನಿಂತು, ಮುಖದ ತುಂಬಾ ನಗು ಇಟ್ಟುಕೊಂಡು ಓದಿದರು: ‘ಹಿ ಈಸ್ ಸಪೋಸ್ಡ್ ಟು ಬಿ ಗೆಟ್ಟಿಂಗ್ ಟ್ರಾನ್ಸ್‌ಫರ್ಡ್’.