ಸಂಜೆ ಗುಡಿಸಿದ ರಸ್ತೆ

ನಮ್ಮ ಸೋದರತ್ತೆಯ ಊರು ಎಚ್‌.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿದೆ. ಹೊಲ ಮುಗಿದ ಕೂಡಲೇ ಒಂದು ಮಣ್ಣು ರಸ್ತೆ, ಅದರಾಚೆ ಆನೆ ಕಂದಕ, ಕಂದಕದಾಚೆ ನಾಗರಹೊಳೆ. ಒಂದು ಜನವರಿಯಲ್ಲಿ ನಾನು ಅಲ್ಲಿಗೆ ಹೋದಾಗ ಊರಲ್ಲಿ ಯಾರೂ ದನ ಹೊರಗೆ ಬಿಡುತ್ತಿರಲಿಲ್ಲ. ಕೆರೆ ಹಿಂದಿನ ಪೊದೆಗಳ ಹತ್ತಿರ ಹುಲಿ ಒಂದು ಕಡಸನ್ನು ಕೊಂದಿತ್ತು. ಕೊಟ್ಟಿಗೆಯಲ್ಲಿ ಕಟ್ಟಿದ ದನಗಳಿಗೆ ಒಣ ರಾಗಿಹುಲ್ಲು ಬಿಟ್ಟರೆ ಬೇರೆ ಮೇವಿಲ್ಲ. ಹಾಲು ಇಳಿದಿತ್ತು. ಕಾಯಿ ಬಲಿತ ಹುರುಳಿ ಹೊಲದಲ್ಲೇ ನಿಂತಿತ್ತು, ಕೀಳಲು ಆಳುಗಳು ಬರುತ್ತಿರಲಿಲ್ಲ.

ಎಲ್ಲರಿಗೂ ಇದ್ದದ್ದು ಒಂದೇ ಪ್ರಶ್ನೆ. ಹುಲಿ ಇನ್ನೂ ಇಲ್ಲೇ ಇದೆಯಾ, ಕಾಡಿಗೆ ವಾಪಸ್ ಹೋಯಿತಾ?

ಉತ್ತರ ಸಿಗದೆ ಇದ್ದದ್ದು ಹೆಜ್ಜೆ ಗುರುತು ಇಲ್ಲದ್ದಕ್ಕಲ್ಲ, ಜಾಸ್ತಿ ಇದ್ದದ್ದಕ್ಕೆ. ಚಳಿಗಾಲದ ಒಣ ಮಣ್ಣಲ್ಲಿ ಗಾಳಿ ಬೀಸದ ಜಾಗದ ಹೆಜ್ಜೆ ದಿನಗಟ್ಟಲೆ ಹಾಗೇ ಉಳಿಯುತ್ತದೆ. ಒಂದೇ ಹೆಜ್ಜೆಯನ್ನು ಬೇರೆ ಬೇರೆ ಕಡೆಯಿಂದ ಫೋಟೊ ತೆಗೆದು, ‘ಈಗ ತಾನೇ ಹೋಗಿದೆ’ ಎಂದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಸುಳ್ಳು ಹೇಳಬೇಕೆಂದು ಯಾರೂ ಮಾಡಿದ್ದಲ್ಲ. ಭಯವಾದಾಗ ಕಂಡದ್ದೆಲ್ಲ ಹೊಸದೇ ಅನ್ನಿಸುತ್ತದೆ, ಅಲ್ವಾ?

ಅರಣ್ಯ ಇಲಾಖೆಯವರು ಕೆರೆ ಸುತ್ತ ಮರಗಳಿಗೆ ಕ್ಯಾಮೆರಾ ಕಟ್ಟಿದ್ದರು. ಅವರ ಜೊತೆ ಹತ್ತಿರದ ಹಾಡಿಯ, ಜೇನುಕುರುಬರ ಒಬ್ಬ ವಾಚರ್ ಬಂದಿದ್ದರು. ವಯಸ್ಸಾದವರು, ಮಾತು ಕಮ್ಮಿ. ನಮ್ಮ ಬಾವ ಮೊಬೈಲು ತೆಗೆದು ಹೆಜ್ಜೆಯ ಫೋಟೊ ತೋರಿಸಿದರೆ ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ.

“ಮೊದ್ಲು ರಸ್ತೆ ಗುಡಿಸ್ಬೇಕು. ಹಳೇದೆಲ್ಲ ಬಿದ್ದಿದ್ರೆ ಹೊಸದು ಹೆಂಗ್ ಗೊತ್ತಾಗ್ತದೆ? ಟ್ರಾಕ್ಟರ್ ಐತಾ ಅಣ್ಣ?” ಅಂದರು.

ಟ್ರಾಕ್ಟರ್ ಇತ್ತು. ಅವರೇ ಲಂಟಾನ ಕಡಿದು, ಬಿದಿರು ಮುಳ್ಳಿನ ಕೊಂಬೆಗಳನ್ನು ಸೇರಿಸಿ, ರಸ್ತೆಯಷ್ಟು ಅಗಲದ ಒಂದು ಹೊರೆ ಕಟ್ಟಿದರು. ಅದನ್ನು ಹಗ್ಗದಲ್ಲಿ ಟ್ರಾಕ್ಟರಿನ ಹಿಂದೆ ಬಿಗಿದರು. ಹೊರೆ ಹಗುರ ಇದ್ದರೆ ಮೇಲಕ್ಕೆ ಕುಣಿಯುತ್ತದೆ, ಹೆಜ್ಜೆ ಅಳಿಯುವುದಿಲ್ಲ. ಭಾರ ಹೆಚ್ಚಾದರೆ ಹೆಂಟೆ ಏಳುತ್ತದೆ, ಮಣ್ಣು ಒರಟಾಗುತ್ತದೆ. ಅದಕ್ಕೇ ಮೇಲೆ ಒಂದೊಂದೇ ಕಲ್ಲು ಇಡುತ್ತಾ, ಒಂದಷ್ಟು ದೂರ ಎಳೆಸಿ ನೋಡಿ, ಮತ್ತೆ ಒಂದು ಕಲ್ಲು ತೆಗೆದು ಹದ ಮಾಡಿದರು. ಕೊನೆಗೆ ರಸ್ತೆಯ ಮೇಲಿನ ಮಣ್ಣು ಜರಡಿ ಹಿಡಿದ ರಾಗಿಹಿಟ್ಟಿನಂತೆ ಸಮನಾಗಿ ಕೂತಿತು. ಟ್ರಾಕ್ಟರಿನ ಚಕ್ರದ ಗುರುತನ್ನೂ ಹಿಂದೆ ಬರುವ ಹೊರೆಯೇ ಅಳಿಸಿಕೊಂಡು ಬರುತ್ತಿತ್ತು. ಹಳ್ಳ ದಾಟುವಲ್ಲಿ ನೆಲ ಗಟ್ಟಿ ಇತ್ತು, ಆನೆ ಮೆಟ್ಟಿದರೂ ಗುರುತು ಬೀಳದಷ್ಟು. ಅಲ್ಲಿಗೆ ಹಳ್ಳದ ಮರಳನ್ನೇ ತಂದು, ತೆಳ್ಳಗೆ ಹರಡಿ, ಸೊಪ್ಪಿನ ಕೊಂಬೆಯಲ್ಲಿ ಸವರಿದರು.

ಹಿಂದೆ ಹುಲಿ ಎಣಿಸುವಾಗಲೂ ಹೀಗೆ ರಸ್ತೆಯ ಮೇಲೆ ಅಲ್ಲಲ್ಲಿ ನುಣುಪು ಮಣ್ಣಿನ ಪಟ್ಟೆ ಮಾಡುತ್ತಿದ್ದರು. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ಶುರು ಮಾಡಿದ ಪದ್ಧತಿ ಅದು. ಹೆಜ್ಜೆಯ ಮೇಲೆ ಗಾಜಿಟ್ಟು ಅದರ ಆಕಾರ ಬರೆದುಕೊಳ್ಳುವುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯುವುದು, ಅದರಿಂದ ಒಂದೊಂದು ಹುಲಿಯನ್ನೂ ಗುರುತಿಸುವುದು. ಆದರೆ ಮಣ್ಣು ಬದಲಾದರೆ ಅದೇ ಹುಲಿಯ ಹೆಜ್ಜೆಯ ಅಳತೆಯೂ ಬದಲಾಗುತ್ತದೆ. ಲೆಕ್ಕದಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ನಿಜಕ್ಕೂ ಒಂದು ಹುಲಿಯೂ ಉಳಿದಿಲ್ಲ ಎಂಬುದು 2005ರ ಹೊತ್ತಿಗೆ ಹೊರಬಿದ್ದ ಮೇಲೆ ಆ ಎಣಿಕೆಯನ್ನು ಕೈಬಿಟ್ಟರು. ಈಗ ಕ್ಯಾಮೆರಾದಲ್ಲಿ ಬಿದ್ದ ಹುಲಿಯ ಮೈಮೇಲಿನ ಪಟ್ಟೆ ನೋಡಿ ಎಣಿಸುತ್ತಾರೆ. ನಮ್ಮ ನಾಗರಹೊಳೆಯಲ್ಲೇ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಈ ಕ್ಯಾಮೆರಾ ಪದ್ಧತಿಯನ್ನು ಬೆಳೆಸಿದರು. 2022ರ ಲೆಕ್ಕದಲ್ಲಿ ಕರ್ನಾಟಕಕ್ಕೆ 563 ಹುಲಿ ಬಂದದ್ದು ಅದರಿಂದಲೇ.

ಹೆಜ್ಜೆ ನೋಡಿ ಇಡೀ ರಾಜ್ಯದ ಹುಲಿ ಎಣಿಸಲು ಹೋದದ್ದು ತಪ್ಪು, ಒಪ್ಪುತ್ತೇನೆ. ಆದರೆ ನಮ್ಮ ಅತ್ತೆಗೆ ಬೇಕಿದ್ದದ್ದು ಎಣಿಕೆ ಅಲ್ಲ. ನಿನ್ನೆ ರಾತ್ರಿ ಈ ರಸ್ತೆ ದಾಟಿತಾ ಇಲ್ಲವಾ, ಅಷ್ಟೇ. ಕ್ಯಾಮೆರಾ ತನ್ನ ಮುಂದೆ ಹಾದದ್ದನ್ನು ಮಾತ್ರ ಹೇಳುತ್ತದೆ. ಗುಡಿಸಿದ ರಸ್ತೆ ಉದ್ದಕ್ಕೂ ಹೇಳುತ್ತದೆ. ಅಮೆರಿಕದಲ್ಲಿ ಮೆಕ್ಸಿಕೋ ಗಡಿ ಕಾಯುವವರು ಇವತ್ತಿಗೂ ಹಳೇ ಟೈರುಗಳನ್ನು ಸರಪಳಿಯಲ್ಲಿ ಕಟ್ಟಿ ಮಣ್ಣು ರಸ್ತೆಯ ಮೇಲೆ ಎಳೆಯುವುದೂ ಇದಕ್ಕೇ. ಅವರು ಹುಡುಕುವುದು ಮನುಷ್ಯರ ಹೆಜ್ಜೆ.

ಮಾರನೇ ದಿನ ಬೆಳಕು ಹರಿಯುತ್ತಿದ್ದಂತೆ ಹೊರಟೆವು. ಗುಂಪಾಗಿ, ಜೋರಾಗಿ ಮಾತಾಡುತ್ತಾ, ರಸ್ತೆಯ ಅಂಚಿನಲ್ಲೇ ನಡೆಯಬೇಕು. ಮೊದಲ ಗಾಡಿ ಬರುವ ಮೊದಲೇ ನೋಡಿ ಮುಗಿಸಬೇಕು. ಬಿಸಿಲು ಏರಿದ ಮೇಲೆ ಹೋಗಿಯೂ ಪ್ರಯೋಜನವಿಲ್ಲ. ಸೂರ್ಯ ತಗ್ಗಿನಲ್ಲಿದ್ದಾಗ ಹೆಜ್ಜೆಯ ಅಂಚಿಗೆ ನೆರಳು ಬೀಳುತ್ತದೆ, ಆಗಲೇ ಅದು ಎದ್ದು ಕಾಣುವುದು. ನೆತ್ತಿಯ ಬಿಸಿಲಲ್ಲಿ ಅದೇ ಹೆಜ್ಜೆ ಕಣ್ಣಿಗೇ ಬೀಳುವುದಿಲ್ಲ. ವಾಚರ್ ಅಣ್ಣ ಯಾವಾಗಲೂ ಹೆಜ್ಜೆ ತನಗೂ ಸೂರ್ಯನಿಗೂ ನಡುವೆ ಬರುವಂತೆ ನಿಲ್ಲುತ್ತಿದ್ದರು. ನಮ್ಮನ್ನೂ ಹಾಗೇ ನಿಲ್ಲಿಸಿದರು.

ಒಂದು ರಾತ್ರಿಯಲ್ಲಿ ಆ ರಸ್ತೆಯ ಮೇಲೆ ಎಷ್ಟು ಓಡಾಟ! ಮೊಲ, ನವಿಲು, ಜಿಂಕೆ. ಕಾಡುಹಂದಿಯ ಗೊರಸಿನ ಹಿಂದೆ ಎರಡು ಚಿಕ್ಕ ಚುಕ್ಕೆ. ಮುಳ್ಳುಹಂದಿಯ ಹೆಜ್ಜೆಯ ಅಕ್ಕಪಕ್ಕ ಅದರ ಮುಳ್ಳು ಗೀಚಿದ ಸಣ್ಣ ಗೆರೆಗಳು. ಒಂದು ಆನೆ ಕಂದಕ ಕುಸಿದ ಜಾಗದಲ್ಲಿ ಹತ್ತಿ ಬಂದು, ರಸ್ತೆಯಲ್ಲಿ ನಿಂತು, ವಾಪಸ್ ಹೋಗಿತ್ತು. ಮುಂಗಾಲಿನದು ದುಂಡು, ಹಿಂಗಾಲಿನದು ಉದ್ದ. ಅಂಗಾಲಿನ ಬಿರುಕುಗಳು ಕೂಡ ಮಣ್ಣಲ್ಲಿ ಮೂಡಿದ್ದವು. ವಾಚರ್ ಅಣ್ಣ ಮುಂಗಾಲಿನ ಗುರುತಿನ ಸುತ್ತ ಒಂದು ಬಳ್ಳಿ ಸುತ್ತಿಸಿ, ಅದನ್ನು ಬಿಚ್ಚಿ ನಮ್ಮ ಮುಂದೆ ಎತ್ತಿ ಹಿಡಿದರು. ಆ ಬಳ್ಳಿಯ ಎರಡರಷ್ಟು ಉದ್ದ, ಹೆಚ್ಚು ಕಡಿಮೆ, ಆನೆಯ ಭುಜದ ಎತ್ತರ. ಲೆಕ್ಕ ಹಾಕಿದರೆ ಇನ್ನೂ ಪ್ರಾಯದ ಆನೆ.

ಹುಲಿಯ ಹೆಜ್ಜೆ ಮಾತ್ರ ಎಲ್ಲೂ ಇಲ್ಲ. ಬಾವನಿಗೆ ಸಮಾಧಾನವಾಯಿತು. ವಾಚರ್ ಅಣ್ಣನಿಗೆ ಆಗಲಿಲ್ಲ.

“ದಾಟಿಲ್ಲ ಅಂದ್ರೆ ಎರಡು. ನಾವು ಗುಡಿಸೋಕ್ ಮುಂಚೇನೇ ಕಾಡಿಗೆ ಹೋಗಿರ್ಬೇಕು. ಇಲ್ಲ ಈಚೆಗೇ ಕೂತಿರ್ಬೇಕು.”

ಆ ಸಂಜೆ ಕಾಡಂಚಿನ ರಸ್ತೆ ಜೊತೆಗೆ ಕೆರೆ ಹಿಂದಿನ ಬಂಡಿ ದಾರಿಯನ್ನೂ ಗುಡಿಸಿದೆವು. ಈಗ ಕೆರೆಯ ಪೊದೆಗಳ ಒಂದು ಕಡೆ ಬಂಡಿ ದಾರಿ, ಇನ್ನೊಂದು ಕಡೆ ಕಾಡಂಚಿನ ರಸ್ತೆ. ಈ ಯೋಚನೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಹುಲಿಯನ್ನು ಬೆನ್ನಟ್ಟುವುದಿಲ್ಲ, ಪೊದೆಗೆ ನುಗ್ಗುವುದಿಲ್ಲ, ಪಟಾಕಿ ಹೊಡೆಯುವುದಿಲ್ಲ. ಅದು ಎಲ್ಲಿದೆ ಎಂದು ಅದರ ನಡಿಗೆಯಿಂದಲೇ ತಿಳಿದುಕೊಳ್ಳುವುದು.

ಬೆಳಿಗ್ಗೆ ಬಂಡಿ ದಾರಿಯಲ್ಲಿ ಅದು ಸಿಕ್ಕಿತು. ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿಯದಾದರೆ ಉಗುರು ಕಾಣುತ್ತದೆ. ಚಿರತೆಯದಾದರೆ ಇಷ್ಟು ದೊಡ್ಡದಿರುವುದಿಲ್ಲ. ಮುಂಗಾಲು ಇಟ್ಟಲ್ಲೇ ಹೆಚ್ಚು ಕಡಿಮೆ ಹಿಂಗಾಲು ಬಿದ್ದಿತ್ತು, ಅವಸರವಿಲ್ಲದ ನಡಿಗೆ. ಹೆಜ್ಜೆಯೊಳಗಿನ ಮಣ್ಣಿನ ಮೇಲೆ ಇಬ್ಬನಿ ಹನಿ ಬಿದ್ದು ಸಣ್ಣ ಸಣ್ಣ ಗುಳಿಗಳಾಗಿದ್ದವು. ಅದರ ಮೇಲೆ ಒಂದು ಹುಳು ಹರಿದು ಹೋದ ಗೆರೆ. ಅಂದರೆ ಇಬ್ಬನಿ ಬೀಳುವ ಮೊದಲೇ, ರಾತ್ರಿ ಹೊತ್ತಿಗೇ ನಡೆದಿದೆ. ಬೆರಳುಗಳು ನೀಳವಾಗಿವೆ, ಹೆಣ್ಣಿರಬಹುದು ಅಂದರು. ಇರಬಹುದು ಅಂದರೇ ಹೊರತು ಹೌದು ಅನ್ನಲಿಲ್ಲ.

ಹೆಜ್ಜೆ ಕೆರೆ ಕಡೆಯಿಂದ ಬಂದು ಊರ ಕಡೆಯ ಹತ್ತಿ ಹೊಲಕ್ಕೆ ಇಳಿದಿತ್ತು. ಕಾಡಂಚಿನ ರಸ್ತೆಗೆ ಓಡಿದೆವು. ಅಲ್ಲಿ ಏನೂ ಇಲ್ಲ. ಅಂದರೆ ಹುಲಿ ಆ ಹೊತ್ತಿಗೂ ಊರ ಕಡೆಗೇ ಇತ್ತು! ಅರ್ಧ ಗಂಟೆಯಲ್ಲಿ ಊರಿಗೆಲ್ಲ ಸುದ್ದಿ ಹೋಯಿತು, ಇಲಾಖೆಯ ಜೀಪು ಬಂತು. ಹತ್ತಿ ಹೊಲಕ್ಕೆ ಹೊರಟಿದ್ದ ಹೆಂಗಸರು ತಿರುಗಿ ಮನೆಗೆ ಬಂದರು. ಹಿಂದಿನ ದಿನ ನಮಗೆ ಏನೂ ಸಿಕ್ಕಿಲ್ಲವೆಂದು ದನ ಬಿಟ್ಟಿದ್ದರೆ ಏನಾಗುತ್ತಿತ್ತೋ.

ಆಮೇಲೆ ಪ್ರತಿ ಸಂಜೆ ಎರಡೂ ದಾರಿ ಗುಡಿಸುವುದು, ಪ್ರತಿ ಬೆಳಿಗ್ಗೆ ನೋಡುವುದು. ಕೊನೆಗೊಂದು ಬೆಳಿಗ್ಗೆ ಕಾಡಂಚಿನ ರಸ್ತೆಯಲ್ಲಿ, ಕಂದಕ ಕುಸಿದ ಅದೇ ಜಾಗದಲ್ಲಿ, ಹೆಜ್ಜೆಗಳು ಕಾಡಿನ ಕಡೆ ಮುಖ ಮಾಡಿ ದಾಟಿದ್ದವು. ವಾಪಸ್ ಬಂದ ಗುರುತಿಲ್ಲ. ಕಂದಕದಾಚೆಯ ಕ್ಯಾಮೆರಾದಲ್ಲೂ ಹುಲಿ ಬಿದ್ದಿತ್ತು. ಆದರೂ ವಾಚರ್ ಅಣ್ಣ ಇನ್ನೂ ಕೆಲವು ರಾತ್ರಿ ಗುಡಿಸಲೇಬೇಕು ಎಂದು ಹಟ ಹಿಡಿದರು. ದಾರಿ ಗೊತ್ತಾದ ಪ್ರಾಣಿ ಮತ್ತೆ ಬರಬಹುದು ಎಂದು ಅವರ ಲೆಕ್ಕ. ಆ ಬಾರಿ ಅದು ಬರಲಿಲ್ಲ. ಅತ್ತೆ ದನ ಬಿಟ್ಟರು, ಹುರುಳಿ ಕಿತ್ತರು. ಕುಸಿದ ಕಂದಕವನ್ನು ಇಲಾಖೆಯವರು ತೋಡಿಸಿದರು.

ಬಾವ ಈಗ ಚಳಿಗಾಲ ಬಂತೆಂದರೆ ತಾವೇ ಹೊರೆ ಕಟ್ಟುತ್ತಾರೆ. ದನ ಮೇಯಿಸುವ ಹುಡುಗರು ಹೊರಡುವ ಮೊದಲು ಅವರಿಗೆ ಫೋನು ಮಾಡಿ ಕೇಳುತ್ತಾರೆ, “ಅಣ್ಣ, ರಸ್ತೆ ನೋಡಿದ್ರಾ?” ಬೇಸಿಗೆ ಮಳೆ ಬೀಳುವವರೆಗೆ ಇದು ನಡೆಯುತ್ತದೆ. ಮಳೆ ಬಿದ್ದ ಮೇಲೆ ಎಳೆಯಲಾಗುವುದಿಲ್ಲ, ಕೆಸರಲ್ಲಿ ಹೊರೆ ಹೂತುಕೊಳ್ಳುತ್ತದೆ. ಆಗ ದನಗಳನ್ನು ಕಾಡಂಚಿಗೆ ಬಿಡದೆ ಊರ ಹತ್ತಿರದ ಬೀಳಿನಲ್ಲೇ ಮೇಯಿಸುತ್ತಾರೆ.